ಟಾಕಿ ತುಂಬಿದ್ದು ತಿಳಿಸುವ ಯಂತ್ರ

ಕಂಪ್ಯೂಟರಿನೊಳಗೆ ಮಾಡುವ ಸಂಶೋಧನೆಯ ದೊಡ್ಡ ಸುಖವೆಂದರೆ ಅದು ಯಾರ ಅಂಗಳಕ್ಕೂ ಸೋರುವುದಿಲ್ಲ. ಚಿಕ್ಕೋಡಿಯ ಬಾಡಿಗೆ ಮನೆಯಲ್ಲಿದ್ದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ, ಅಂದರೆ ಎರಡು ಸಾವಿರದ ಎಂಟೋ ಒಂಬತ್ತೋ, ನಾನು ಆ ಸುಖದಲ್ಲಿ ಮುಳುಗಿದ್ದೆ. ಕೂದಲಿಗಿಂತ ತೆಳುವಾದ ಎರಡು ಲೋಹದ ಹಾಳೆ, ನಡುವೆ ಕಣ್ಣಿಗೆ ಕಾಣದಷ್ಟು ಸಂದು. ವೋಲ್ಟೇಜು ಏರಿಸುತ್ತ ಹೋದರೆ ಮೇಲಿನದು ಕೆಳಗಿನದರತ್ತ ಬಾಗುತ್ತದೆ. ಮಿತಿ ದಾಟಿತೋ, ಫಟ್ಟನೆ ಹೋಗಿ ಅಂಟಿಕೊಳ್ಳುತ್ತದೆ. ಆ ಮಿತಿಯನ್ನು ನಾನು ಪರದೆ ನೋಡಿ ಕರಾರುವಾಕ್ಕಾಗಿ ಹೇಳಬಲ್ಲವನಾಗಿದ್ದೆ. ಹಾಳೆಗಳು ಮಾತ್ರ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

ಹೆಂಡತಿಗೆ ಆ ಬಣ್ಣಬಣ್ಣದ ಚಿತ್ರ ತೋರಿಸಿದೆ. "ಇಷ್ಟ್ ಸಣ್ಣ ಸಾಮಾನು ಯಾರಿಗೆ ಬೇಕಾಗೇತ್ರಿ? ಟಾಕಿ ತುಂಬಿದ್ದು ತಿಳಿಯುವಂಥಾದ್ದು ಒಂದು ಮಾಡ್ರಿ, ಪುಣ್ಯಾ ಬರತೈತಿ" ಎಂದಳು.

ಅವಳ ಚಿಂತೆಗೆ ಕಾರಣವಿತ್ತು. ನಾನು ಮೋಟರು ಹಚ್ಚಿ ಮರೆಯುವವನು. ಮಾಳಿಗೆಯ ನೀರಿನ ಟಾಕಿ ತುಂಬಿ ಪೈಪಿನಿಂದ ಹರಿದ ನೀರು ನೇರ ಬೀಳುತ್ತಿದ್ದುದು ಕೆಳಗಿನ ಮನೆಯಲ್ಲಿದ್ದ, ನಾವು ಕಾಕು ಎಂದು ಕರೆಯುತ್ತಿದ್ದ ಮಾಲಕಿಯ ಅಂಗಳಕ್ಕೆ. ಬಿಸಿಲು ಬೀಳುವ ಜಾಗವೂ ಅದೊಂದೇ ಆದ್ದರಿಂದ ಮಗಳ ಮನೆಗೆ ಕಳಿಸುವ ಶ್ಯಾವಿಗೆ ಅಲ್ಲೇ ಹೊರಸಿನ ಮೇಲೆ ಒಣಗುತ್ತಿತ್ತು. ಮೊದಲ ಸಲ ತೊಯ್ದಾಗ ಕಾಕು ಸುಮ್ಮನಿದ್ದರು (ಸುಮ್ಮನಿರಲಿಲ್ಲ, ಬೈದಿದ್ದರು ಎನ್ನುತ್ತಾಳೆ ಹೆಂಡತಿ, ನಾನು ಕಂಪ್ಯೂಟರಿನ ಮುಂದಿದ್ದಿರಬೇಕು). ಎರಡನೆಯ ಸಲ ಮಾತ್ರ ನನಗೇ ಕೇಳಿಸಿತು: "ಸರ, ಇನ್ನೊಮ್ಮೆ ಹಿಂಗಾತಂದ್ರ ಮನಿ ಖಾಲಿ ಮಾಡ್ರಿ. ಲಗೇಚ್, ಅವತ್ತಿಂದವತ್ತ!"

ಕಾಲೇಜಿಗೆ ನಡೆದು ಹೋಗಬಹುದಾದ ಮನೆ ಮತ್ತೆ ಸಿಗುವುದಿರಲಿಲ್ಲ. ಮಾಡಿದೆ. ಟಾಕಿಯ ಬಾಯಿ ಹತ್ತಿರ ಎರಡು ತಾಮ್ರದ ತಂತಿ, ಒಂದು ಟ್ರಾನ್ಸಿಸ್ಟರ್, ಬ್ಯಾಟರಿ, ಬಜರು. ನೀರು ಎರಡೂ ತಂತಿಗೆ ತಾಗಿದರೆ ಕೂಗಬೇಕು, ಅಷ್ಟೇ. ಪಾಲಿಟೆಕ್ನಿಕ್ಕಿಗೆ ಸೇರಿದ ವರ್ಷ ಮಾಡುವ ಕೆಲಸ ಅದು. ನಾನು ಮೂರು ಬಾರಿ ಕೈ ಸುಟ್ಟುಕೊಂಡು ಮಾಡಿದೆ.

ಮರುದಿನ ಮೋಟರು ಹಚ್ಚಿ ಕಾಯುತ್ತ ಕೂತೆ. ಅವತ್ತು ಒಳ್ಳೆ ಬಿಸಿಲಿತ್ತು. ನೆನಪಿದೆ ಅಂತಲ್ಲ, ಶ್ಯಾವಿಗೆ ಹಾಕಿದ್ದರೆಂದ ಮೇಲೆ ಇದ್ದಿರಲೇಬೇಕು. ಬಜರು ಕಿರುಚಿತು! ನಾನು ಮಾಡಿದ್ದೊಂದು ಪರದೆಯ ಹೊರಗೆ ಕೆಲಸ ಮಾಡುತ್ತಿತ್ತು. ಎದ್ದು ಓಡಿದೆ. ಮೋಟರಿನ ಸ್ವಿಚ್ಚಿನತ್ತ ಅಲ್ಲ, ಅಂಗಳದಲ್ಲಿದ್ದ ಕಾಕು ಅವರತ್ತ.

"ಕೇಳಿಸ್ತೇನ್ರಿ ಕಾಕು?"

"ಓಣಿಗೆಲ್ಲಾ ಕೇಳಾಕತ್ತೈತಿ. ಏನದು?"

ಹೇಳಿದೆ. ತಂತಿ, ಟ್ರಾನ್ಸಿಸ್ಟರ್, ಎಲ್ಲ ಹೇಳಿದೆ. ಕಾಕು ತಲೆದೂಗುತ್ತ ಕೇಳಿದರು.

"ಅಂದ್ರ ಈಗ ಟಾಕಿ ತುಂಬೇತಿ?"

"ಬರೋಬ್ಬರಿ ತುಂಬೇತ್ರಿ!" ಎಂದೆ ಎದೆಯುಬ್ಬಿಸಿ.

ಮೇಲಿನ ಪೈಪು ಧೋ ಎಂದು ಹೌದೆಂದಿತು.

ಕಾಕು ತೊಯ್ದ ಶ್ಯಾವಿಗೆ ನೋಡಿದರು, ನನ್ನನ್ನು ನೋಡಿದರು, ಮೇಲೆ ಇನ್ನೂ ಕಿರುಚುತ್ತಿದ್ದ ಬಜರಿನ ಕಡೆ ನೋಡಿದರು. "ಯಂತ್ರ ಖರೇನ ಛಲೋ ಐತ್ರಿ ಸರ. ಅದು ಇಲ್ಲೇ ಇರ್ಲಿ. ನೀವು ಖಾಲಿ ಮಾಡ್ರಿ."

ಮಾಡಿದೆವು. ನನ್ನ ಇಷ್ಟು ವರ್ಷಗಳ ಸಂಶೋಧನೆಯಲ್ಲಿ, ಬೇಕು ಎಂದು ಜನ ಬಾಯಿಬಿಟ್ಟು ಕೇಳಿ ಇಟ್ಟುಕೊಂಡದ್ದು ಅದೊಂದೇ. ಜೊತೆಗೆ ನಾನಿರಬಾರದು ಎಂಬುದೊಂದೇ ಅವರ ಷರತ್ತು.