ಫ್ರಿಜ್ಜಿನ ಹಿಂದೆ ಸಿಕ್ಕಿಬಿದ್ದ ಅವ್ವ

ತಾಳ್ಮೆ ಎಂಬುದನ್ನು ನನ್ನ ಹಣೆಯಲ್ಲಿ ಬರೆಯಲು ಬ್ರಹ್ಮ ಮರೆತಿದ್ದಾನೆ. ಹಾಲು ಕಾಯಿಸಲು ನಿಂತರೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತೇನೆ. ಅಷ್ಟು ನೋಡಿಯೂ ಅದು ಉಕ್ಕುವ ಗಳಿಗೆಗೆ ಸರಿಯಾಗಿ ಕಿಟಕಿಯ ಬಳಿ ಹೋಗಿರುತ್ತೇನೆ. ಹಳಿಯಾಳದ ಬಸ್ಸು ತಡವಾದರೆ ನಿಂತಲ್ಲಿ ನಿಲ್ಲಲಾರದೆ ಮುಂದಿನ ಸ್ಟಾಪಿನ ಕಡೆ ನಡೆದುಬಿಡುತ್ತೇನೆ. ಎರಡು ಸ್ಟಾಪುಗಳ ನಡುವೆ ಇರುವಾಗಲೇ ಬಸ್ಸು ನನ್ನನ್ನು ದಾಟಿ ಹೋಗುತ್ತದೆ, ಒಳಗಿನಿಂದ ಪರಿಚಯದವರು ಕೈ ಬೀಸುತ್ತಾರೆ. ಇಂಥ ಮನುಷ್ಯನ ಕೈಗೆ ಯಾರೂ ಮೌಸು ಕೊಡಬಾರದಿತ್ತು. ಆದರೆ ಕೊಟ್ಟರು.

ಆ ವರ್ಷ ದಾಂಡೇಲಿಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಅದನ್ನಿಟ್ಟ ಕೋಣೆಗೆ ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿಗೆ ಹೋದಂತೆ ಹೋಗುತ್ತಿದ್ದೆವು. ಐವತ್ತು ದಾಟಿದ ಗುಮಾಸ್ತರೂ ಕಲಿಯಲೇಬೇಕೆಂದು ಮೇಲಿನವರ ಅಪ್ಪಣೆ. ನಾನು ಮೌಸು ಹಿಡಿದರೆ ಅದು ಮೇಜಿನ ಅಂಚು ದಾಟಿ ಗೋಡೆಗೆ ಬಡಿಯುತ್ತಿತ್ತು. ಕಿರಿಯರು ನಕ್ಕರು. ಅವಮಾನ ತಾಳದೆ ಮಕ್ಬೂಲನ ಬಳಿ ಹೋಗಿ ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರನ್ನು ಅಂಬೇವಾಡಿಯ ನಮ್ಮ ಮನೆಗೆ ತಂದೆ. ಮಕ್ಬೂಲ್ ಮೊದಲು ಪಂಪಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವನು, ಕಾಲ ನೋಡಿ ಕಂಪ್ಯೂಟರ್ ರಿಪೇರಿಗೂ ಇಳಿದಿದ್ದ. ಅವನೇ ಅದರಲ್ಲಿ ಒಂದು ಆಟ ಹಾಕಿಕೊಟ್ಟ.

“ಮೊದಲ ಕೈ ಕುದುರ್ಲಿ ಸಾಹೇಬ್ರ. ಮನಿ ಕಟ್ಟೂದು, ಮಂದೀನ ಸಾಕೂದು, ಅಷ್ಟ. ಗುಂಡು ಹೊಡ್ಯೂದು ಗಿಂಡು ಹೊಡ್ಯೂದು ಏನೂ ಇಲ್ರಿ ಇದರಾಗ.”

ನಿಜವಾಗಿಯೂ ಅಷ್ಟೇ ಇತ್ತು. ಗೊಂಬೆಯಂಥ ಮಂದಿಯನ್ನು ಮಾಡಿ ಒಂದು ಮನೆಯೊಳಗೆ ಬಿಡಬೇಕು. ಹಸಿದಾಗ ಉಣ್ಣಿಸಬೇಕು, ನಿದ್ದೆ ಬಂದಾಗ ಮಲಗಿಸಬೇಕು. ಪರದೆಯ ಕೆಳಗಿನ ಪಟ್ಟಿಗಳು ಹಸಿರಾಗಿದ್ದರೆ ಸುಖ, ಕೆಂಪಾದರೆ ಕಷ್ಟ. ನಾನು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿ ಮೂವರನ್ನು ಮಾಡಿದೆ: ನಾನು, ಹೆಂಡತಿ ಸುಶೀಲಾ ಮತ್ತು ನಮ್ಮ ಅವ್ವ ಗಂಗವ್ವ. ಆ ದೇಶದಲ್ಲಿ ಸೀರೆ ಸಿಗದ ಕಾರಣ ಅವ್ವನಿಗೆ ಪಾದದವರೆಗೆ ಬರುವ ಗೌನು ತೊಡಿಸಿದೆ.

ಪಾಳಾ ಊರಿನ ಗದ್ದೆಗಳಲ್ಲಿ ಆಯುಷ್ಯವೆಲ್ಲ ದುಡಿದು ಬಂದ ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. “ನನ್ನ ಸೆರಗ ಎಲ್ಲೈತೋ?”

“ಅಲ್ಲಿ ಸೀರಿ ಸಿಗೂದಿಲ್ಲವ್ವಾ.”

“ಹಂಗಾರ ಒಂದ ಟಾವೆಲ್ಲರ ಹೊದಸು. ಮಂದಿ ಮುಂದ ಹಂಗ ನಿಲ್ಲಿಸೀಯಲ್ಲ!”

ಅಂದಿನಿಂದ ಸಂಜೆಯ ಚಹಾ ಹಿಡಿದು ಅವ್ವ ನನ್ನ ಪಕ್ಕದಲ್ಲೇ ಕುರ್ಚಿ ಹಾಕತೊಡಗಿದಳು. “ನಾ ಇವತ್ತ ಏನ ಉಂಡ್ನಿ? ಸುಶೀಲಾ ಭಾಂಡಿ ತಿಕ್ಕಿದ್ಳೋ ಇಲ್ಲೋ?” ಎಂದು ವಿಚಾರಿಸುವಳು. ಅಡುಗೆಮನೆಯಿಂದ ಸುಶೀಲಾ, “ಇಲ್ಲಿ ತಿಕ್ಕಾಕತ್ತೇನ್ರಿ ಅತ್ತಿ, ಅಲ್ಲೂ ನಾನ ತಿಕ್ಕಬೇಕೇನು?” ಎಂದು ಕೂಗುವಳು.

ತೊಂದರೆ ಶುರುವಾದದ್ದು ಮೂರನೆಯ ವಾರ. ನಾನು ಒತ್ತಿದ್ದಕ್ಕೂ ಗೊಂಬೆ ಅಲುಗಾಡುವುದಕ್ಕೂ ನಡುವೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯತೊಡಗಿತು. ಒಮ್ಮೆ ಅವ್ವನನ್ನು ಸ್ನಾನಕ್ಕೆ ಕಳಿಸಲೆಂದು ಒತ್ತಿದೆ. ಅವಳು ಕದಲಲಿಲ್ಲ. ನನ್ನ ಸ್ವಭಾವ ಹೇಳಿದೆನಲ್ಲ, ಮತ್ತೆ ಏಳು ಸಲ ಒತ್ತಿದೆ. ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಕೊನೆಗೆ ಚಾಲೂ ಆದಾಗ ಅವ್ವ ಒಂದರ ಹಿಂದೆ ಒಂದು ಎಂಟು ಸ್ನಾನ ಮುಗಿಸಿದಳು. “ಗ್ರಹಣಕ್ಕೂ ನಾ ಎರಡ ಸಲ ಜಳಕಾ ಮಾಡೂದು. ನೆಗಡಿ ಆದ್ರ ಯಾರ ನೋಡ್ತಾರ?” ಎಂದು ನಿಜವಾದ ಅವ್ವ ಸೆರಗಿನಿಂದ ತಲೆ ಒರೆಸಿಕೊಂಡಳು.

ಜೂನ್ ತಿಂಗಳ ಒಂದು ಭಾನುವಾರ. ಮೌಳಂಗಿಯ ಹೊಳೆದಂಡೆಗೆ ಹೋಗಿ ಉಂಡು ಬರೋಣವೆಂದು ಸುಶೀಲಾ ಬೆಳಿಗ್ಗೆಯೇ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರನ್ನದ ಬುತ್ತಿ ಕಟ್ಟಿದ್ದಳು. ಹೊರಡುವ ಮುಂಚೆ ಐದೇ ನಿಮಿಷ ಎಂದು ನಾನು ಆಟ ತೆರೆದೆ. ಅವ್ವ ಫ್ರಿಜ್ಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದಳು. ಅರ್ಧ ಮೈ ಗೋಡೆಯೊಳಗೆ, ಎರಡೂ ಕೈ ಮೇಲೆ. ಹಸಿವಿನ ಪಟ್ಟಿ ಕೆಂಪಾಗಿತ್ತು. ಎರಡೇ ಹೆಜ್ಜೆ ಆಚೆ, ಮೇಜಿನ ಮುಂದೆ ಸುಶೀಲಾ ಆರಾಮವಾಗಿ ಕೂತು ಉಣ್ಣುತ್ತಿದ್ದಳು.

ಆಟ ಮುಚ್ಚುವಷ್ಟರಲ್ಲಿ ನಿಜವಾದ ಅವ್ವ ನೋಡಿಬಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, “ಮನಸಿನಾಗ ಇದ್ದದ್ದ ಅಲ್ಲಿ ಬರ್ತೈತಿ, ಅಲ್ಲನು?”

“ಅತ್ತಿ, ಅದು ಗೊಂಬಿರೀ!” ಸುಶೀಲಾಳ ಕಣ್ಣಲ್ಲಿ ನೀರೇ ಬಂತು. “ಇವರ ಒತ್ತಬಾರದ್ದ ಏನೋ ಒತ್ಯಾರ. ಹದಿನೆಂಟ ವರ್ಷ ನಿಮಗ ಬಡಸದ ನಾ ಎಂದರ ಉಂಡೇನೇನು?”

“ಇರವಲ್ಲದ್ಯಾಕ. ಅಲ್ಲಿ ಸಿಕ್ಕೊಂಡಾಕಿ ಉಂಡ ಮ್ಯಾಲ ನಾ ಉಣ್ತೇನಿ.” ಅವ್ವ ಗೋಡೆಗೊರಗಿ ಕೂತುಬಿಟ್ಟಳು.

ನಗುವ ಮಾತಲ್ಲ ಇದು. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಗಿನ ಗುಳಿಗೆ ನುಂಗಿಯಾಗಿತ್ತು; ಇನ್ನು ಉಣ್ಣದಿದ್ದರೆ ತಲೆ ತಿರುಗುವುದು ಖಂಡಿತ. ನಾನು ಕಂಪ್ಯೂಟರ್ ಆರಿಸಿ ಹಚ್ಚಿದೆ. ಅವ್ವ ಅಲ್ಲೇ ಇದ್ದಳು. ಫ್ರಿಜ್ಜನ್ನೇ ಕಿತ್ತು ಹಾಕಿದೆ. ಫ್ರಿಜ್ಜು ಹೋಯಿತು, ಅವ್ವನ ಕೈ ಇಳಿಯಲಿಲ್ಲ. ಗೋಡೆ ಒಡೆದೆ; ಅವ್ವ ಬಯಲಲ್ಲಿ ಹಾಗೆಯೇ ನಿಂತಳು. ಭಾರ ಕಡಿಮೆಯಾಗಲೆಂದು ಸೋಫಾ, ಟೀವಿ, ಹೂಕುಂಡ ಎಲ್ಲ ತೆಗೆದೆ. ಮನೆ ಬಣಬಣವಾಯಿತೇ ಹೊರತು ಬೇರೇನೂ ಆಗಲಿಲ್ಲ. ಕಾದು ನೋಡಿದರೆ ಸರಿಹೋಗುತ್ತಿತ್ತೋ ಏನೋ, ನನಗೆ ಕಾಯಲು ಬರಬೇಕಲ್ಲ. ಬುತ್ತಿ ಗಂಟು ಕಟ್ಟಿದಂತೆಯೇ ಕಟ್ಟೆಯ ಮೇಲಿತ್ತು. ಹನ್ನೊಂದಕ್ಕೆ ಓಡಿಹೋಗಿ ಮಕ್ಬೂಲನನ್ನು ಅವನ ಸ್ಕೂಟರಿನ ಮೇಲೆಯೇ ಕರೆತಂದೆ.

ಮಕ್ಬೂಲ್ ಪೆಟ್ಟಿಗೆ ಬಿಚ್ಚಿ, ಬ್ರಷ್ಷಿನಿಂದ ಧೂಳು ಕೊಡವಿ, ಯಂತ್ರದ ನೆನಪು ಇರುವ ರ‍್ಯಾಮ್ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ಅಕ್ಷರ ಅಳಿಸುವಂತೆ ತಿಕ್ಕಿದ. ಮತ್ತೆ ಜೋಡಿಸಿ ಹಚ್ಚಿದ. ಅವ್ವನ ಎಡಗೈ ಒಂದಿಷ್ಟು ಇಳಿದು ಮತ್ತೆ ಏರಿತು.

“ಮೂರ ಮಂದಿ ಮನಸ ಹೊರಾಕ ಈ ಮಷೀನಿಗೆ ತಾಕತ್ತಿಲ್ರಿ,” ಎಂದ. “ಒಬ್ಬರ ಬಗ್ಗೆ ವಿಚಾರ ಮಾಡೂದ್ರಾಗ ಇನ್ನೊಬ್ಬರನ್ನ ಮರೀತೈತಿ. ಒಬ್ಬರನ್ನ ಮನಿ ಬಿಡಸಬೇಕ್ರಿ.”

ಸುಶೀಲಾಳೇ ಮುಂದೆ ಬಂದಳು. “ನನ್ನ ತಗೀರಿ. ಆಗ ನನ್ನ ಮ್ಯಾಲ ಮಾತ ಬರೂದಿಲ್ಲ.”

ಗೋಡೆಗೊರಗಿದ್ದ ಅವ್ವ ತಟ್ಟನೆ ತಲೆ ಎತ್ತಿದಳು. “ಆಕೀನ್ನ ತಗದ್ರ ಅಡಗಿ ಯಾರ ಮಾಡ್ತಾರ? ನನಗ ಜ್ವರ ಬಂದ್ರ ಗಂಜಿ ಕಾಸಾವ್ರ ಯಾರು? ಆಕಿ ಇರಬೇಕು.” ಹದಿನೆಂಟು ವರ್ಷಗಳಲ್ಲಿ ಅವ್ವ ಸೊಸೆಯ ಪರವಾಗಿ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸುಶೀಲಾಳೂ ಕೇಳಿರಲಿಲ್ಲ, ಹೋಗಿ ಅವ್ವನ ಪಕ್ಕ ಕೂತಳು. ಅವ್ವನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಸುಶೀಲಾ ಆ ಕೈ ಹಿಡಿದುಕೊಂಡಳು.

ಆಮೇಲೆ ಮೂವರೂ ನನ್ನ ಕಡೆ ನೋಡಿದರು.

ಪರದೆಯ ಮೇಲಿನ ನಾನು ಸೋಫಾ ಇದ್ದ ಜಾಗದ ಮುಂದೆ ನಿಂತು, ಸೋಫಾ ಎಲ್ಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ.

“ಇವ ಹೆಂಗೂ ಮುಂಜಾನೆ ಹ್ವಾದ್ರ ಸಂಜೀಗೆ ಬರಾಂವ,” ಅವ್ವ ನಿಧಾನವಾಗಿ ಅಂದಳು. “ಆಫೀಸಿಗೆ ಹೋಗ್ಯಾನಂತ ತಿಳ್ಕೊಂಡ್ರಾತು.”

“ಸಾಹೇಬ್ರ, ಒತ್ಲೇನ್ರಿ?” ಮಕ್ಬೂಲ್ ಕೇಳಿದ. ಅವ್ವನ ನಡುಗುವ ಬೆರಳು ನೋಡಿ ನಾನು ಹೂಂ ಅಂದೆ. ಪರದೆಯ ನಾನು ಬಾಗಿಲು ದಾಟಿ, ರಸ್ತೆಯ ತುದಿಯವರೆಗೆ ನಡೆದು ಮಾಯವಾದೆ. ಹಿಂದೆ ತಿರುಗಿಯೂ ನೋಡಲಿಲ್ಲ. ಆ ಕ್ಷಣಕ್ಕೇ ಪರದೆಯ ಅವ್ವನ ಕೈಗಳು ಇಳಿದವು. ಮಕ್ಬೂಲ್ ಫ್ರಿಜ್ಜನ್ನು ತಂದಿಟ್ಟದ್ದೇ ತಡ, ಅವಳು ಅದನ್ನು ತೆರೆದು, ತಟ್ಟೆ ತುಂಬಿಕೊಂಡು ಸುಶೀಲಾಳ ಎದುರು ಉಣ್ಣಲು ಕೂತಳು. ಇತ್ತ ನಿಜವಾದ ಸುಶೀಲಾ ಬುತ್ತಿ ಬಿಚ್ಚಿದ್ದಳು. ಅವ್ವ ಎರಡು ರೊಟ್ಟಿ ತಿಂದಳು, ಮೊಸರನ್ನ ಉಂಡಳು. ಮಕ್ಬೂಲನಿಗೂ ಬಡಿಸಿದರು. ಅವನಿಗೆ ಬಡಿಸಿದ ಮೇಲೆ ಪಲ್ಯ ತೀರಿತೆಂದು ನಾನು ಉಪ್ಪಿನಕಾಯಿ ಹಚ್ಚಿಕೊಂಡೆ.

ಆಮೇಲೆ ಆ ಮನೆ ಎಣ್ಣೆ ಹಾಕಿದ ಗಾಲಿಯಂತೆ ಓಡಿತು. ಪಟ್ಟಿಗಳೆಲ್ಲ ಹಸಿರು. ಸೋಫಾ ಬಂತು, ಹೂಕುಂಡ ಬಂತು. ಅತ್ತೆ ಸೊಸೆ ಇಬ್ಬರೂ ಮೌಸು ಹಿಡಿಯಲು ಕಲಿತರು, ನನಗಿಂತ ಚೆನ್ನಾಗಿ. ಕುರ್ಚಿಯ ಹಿಂದೆ ನಿಂತು ಹದಿನೈದು ದಿನ ನೋಡಿದೆ. ತಡೆಯಲಾಗಲಿಲ್ಲ.

“ಈಗ ಸರಿ ಐತೆಲ್ಲ, ನನ್ನ ತಿರುಗಿ ತರೂಣಲ್ಲ?” ಎಂದು ಕೇಳಿದೆ.

“ಛಲೋ ನಡದೈತಿ, ಯಾಕ ಕೆಡಸ್ತೀರಿ?” ಸುಶೀಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅವ್ವನಿಗೆ ಮಾತ್ರ ಕನಿಕರ ಬಂತು. ಹೆತ್ತ ಕರುಳಲ್ಲವೇ. “ಇರ್ಲಿ ಬಿಡ, ಪಂಚಮಿಗೆ ಕರ್ಸೂಣು,” ಎಂದಳು.

ನಾಗರ ಪಂಚಮಿಗೆ ತವರಿನಿಂದ ಕರೆ ಬಂದೀತೆಂದು ದಾರಿ ಕಾಯುವುದು ಮದುವೆಯಾದ ಹೆಣ್ಣುಮಕ್ಕಳ ಪಾಡು ಎಂದುಕೊಂಡಿದ್ದೆ. ಅಂದು ಐವತ್ತೆರಡರ ನಾನು ಯಾರಿಗೂ ಕಾಣದಂತೆ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದೆ, ನನ್ನದೇ ಮನೆಗೆ ಹಬ್ಬದ ಉಂಡಿ ತಿನ್ನಲು ಹೋಗುವುದಕ್ಕೆ ಇನ್ನೆಷ್ಟು ದಿನ ಉಳಿದಿವೆ ಎಂದು.