ಹೊನ್ನಾವರದಲ್ಲಿ ಒಂದು ಗುಟುಕು

ವೈನ್ ವಿಷಯದಲ್ಲಿ ಕುಮಟಾ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ಕಳೆದ ವರ್ಷದವರೆಗೆ ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ ಎಂಬುದು ನಿಜ. ಆದರೂ ಮೊದಲ ಸ್ಥಾನ ಮೊದಲ ಸ್ಥಾನವೇ.

ನನ್ನದು ಕುಮಟಾದಲ್ಲಿ ಟೈಲ್ಸ್ ಅಂಗಡಿ. ಟೈಲ್ಸ್ ಕಂಪನಿಯವರು ಒಮ್ಮೆ ನಮ್ಮಂಥ ವ್ಯಾಪಾರಿಗಳನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ನಾಸಿಕಕ್ಕೆ ಪ್ರವಾಸ ಕರೆದೊಯ್ದಿದ್ದರು. ಅಲ್ಲಿ ದ್ರಾಕ್ಷಿ ತೋಟದ ನಡುವೆ ವೈನ್ ತಯಾರಿಸುವ ಒಂದು ಜಾಗ. ಟೈ ಕಟ್ಟಿಕೊಂಡ ತರುಣನೊಬ್ಬ ನಮಗೆ ಪಾಠ ಮಾಡಿದ. ಗ್ಲಾಸನ್ನು ಅದರ ಕಾಲು ಹಿಡಿದು ಎತ್ತಬೇಕು. ಮೆಲ್ಲಗೆ ತಿರುಗಿಸಬೇಕು. ಮೂಗನ್ನು ಒಳಗೆ ಇಳಿಸಿ ವಾಸನೆ ಎಳೆದುಕೊಳ್ಳಬೇಕು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಅದರ ಮೇಲೆ ಸೊರ್ ಎಂದು ಗಾಳಿ ಎಳೆದು, ನಾಲಿಗೆಯ ನಾಲ್ಕೂ ಕಡೆ ಆಡಿಸಿ, ಕೊನೆಗೆ ಉಗುಳಿಬಿಡಬೇಕು. ಉಗುಳುವವನು ಪರಿಣತ, ನುಂಗುವವನು ಬರೀ ಗಿರಾಕಿ ಎಂದು ಅವನು ಹೇಳಿದ. ನನ್ನ ಜೊತೆಗಿದ್ದ ವ್ಯಾಪಾರಿಗಳೆಲ್ಲ ಒಮ್ಮತದಿಂದ ಗಿರಾಕಿಗಳಾದರು. ಉಗುಳಿದವನು ನಾನೊಬ್ಬನೇ. ಆ ತರುಣ ನನಗೆ ಕೈಕುಲುಕಿದ. ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಊರಿಗೆ ಬಂದು ಅಭ್ಯಾಸ ಮುಂದುವರಿಸಲು ಹೊರಟೆ. ನಮ್ಮ ಕಡೆ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಗಳಿಗೆ ಬರವಿಲ್ಲ. ಅಲ್ಲಿ ಬ್ರಾಂದಿ ಇದೆ, ರಮ್ಮು ಇದೆ, ವಿಸ್ಕಿ ಇದೆ. ವೈನ್ ಮಾತ್ರ ಇಲ್ಲ. ನಮ್ಮಲ್ಲಿ ವೈನ್ ಕೊಳ್ಳುವುದು ಬಾಣಂತಿಯರ ಔಷಧಕ್ಕೆ ಮಾತ್ರ. ನಾನು ಕೇಳಿದಾಗ ಕೌಂಟರಿನವನು ಅನುಕಂಪದಿಂದ, “ಮನೇಲಿ ಬಾಣಂತಿ ಇದ್ರಾ?” ಎಂದು ವಿಚಾರಿಸಿದ. ಇಲ್ಲ, ನನಗೇ ಬೇಕು ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹಿಂದಿನ ಕಪಾಟಿನಿಂದ ಧೂಳು ಹಿಡಿದ ಒಂದು ಬಾಟಲಿ ತೆಗೆದುಕೊಟ್ಟ.

ಮನೆಯಲ್ಲಿ ಹೆಂಡತಿ ಸುಮಿತ್ರಾ ನನ್ನ ಮೊದಲ ಪ್ರದರ್ಶನವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಾನು ಗ್ಲಾಸು ತಿರುಗಿಸಿದೆ, ಮೂಸಿದೆ, ಸೊರ್ ಎಂದು ಎಳೆದೆ.

“ಬಾಯಿ ಮುಕ್ಕಳಿಸೂದಾದ್ರೆ ಬಚ್ಚಲಿಗೆ ಹೋಗೂಕಾಗ್ತಿಲ್ಯಾ?” ಎಂದಳು.

ಹಿತ್ತಲಿಗೆ ಹೋಗಿ ನುಗ್ಗೆ ಗಿಡದ ಬುಡಕ್ಕೆ ಉಗುಳಿ ಬಂದು ವಿವರಿಸಿದೆ. “ಇದ್ರಲ್ಲಿ ಲವಂಗದ ವಾಸನೆ ಅದೆ. ಕೊನೆಗೆ ಒದ್ದೆ ಮಣ್ಣಿಂದು.”

“ಲವಂಗ ಡಬ್ಬೀಲಿ ಅದೆ. ಮಣ್ಣು ಹಿತ್ತಲಲ್ಲಿ ಅದೆ. ಇದೆಂತಕೆ ತಂದ್ರಿ?” ಎಂದು ಒಳಗೆ ಹೋದಳು. ಕಲೆಯನ್ನು ಅರಿಯದವರ ಬಗ್ಗೆ ನಾನು ಕೋಪ ಮಾಡಿಕೊಳ್ಳುವುದಿಲ್ಲ.

ಇಷ್ಟರಲ್ಲಿ ಮಗಳು ಅಶ್ವಿನಿಗೆ ಭಟ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಪ್ರಶಾಂತ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಒಪ್ಪಿಗೆ ಎಂದರೆ, ಅಶ್ವಿನಿ ಫೋನ್ ಹಿಡಿದು ಮಹಡಿ ಹತ್ತಿದರೆ ಊಟಕ್ಕೆ ಕರೆದರೂ ಇಳಿಯದಷ್ಟು. ಇನ್ನು ಹಿರಿಯರು ಕೂತು ಮಾತಾಡುವುದಷ್ಟೇ ಬಾಕಿ. ಕುಮಟಾಕ್ಕೂ ಭಟ್ಕಳಕ್ಕೂ ನಡುವೆ ಹೊನ್ನಾವರ. ಅಲ್ಲಿ ಹೊಳೆಗೆ ಮುಖ ಮಾಡಿದ ಒಂದು ದೊಡ್ಡ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಊಟಕ್ಕೆ ಸೇರುವುದೆಂದು ನಿಶ್ಚಯವಾಯಿತು.

ಹೊರಡುವ ಮೊದಲು ಸುಮಿತ್ರಾ ಒಂದೇ ಮಾತು ಹೇಳಿದಳು. “ಅಲ್ಲಿ ಎಂತದೂ ಮೂಸೂಕೆ ಹೋಗ್ಬೇಡಿ.”

ಹುಡುಗನ ತಂದೆ ಮಾದೇವ ನಾಯ್ಕರಿಗೆ ಭಟ್ಕಳದಲ್ಲಿ ಔಷಧದ ಅಂಗಡಿ. ವರ್ಷಗಟ್ಟಲೆ ಗುಳಿಗೆ ಮಾರಿ ಅವರು ಮುಕ್ಕಾಲು ಡಾಕ್ಟರಾಗಿದ್ದರು. ನಾವು ಕೂತ ಮೇಲೂ ಅವರ ಫೋನು ನಿಲ್ಲಲಿಲ್ಲ. “ಖಾನೇ ಕೆ ಬಾದ್ ಭಾಯ್, ಖಾನೇ ಕೆ ಬಾದ್,” ಎಂದು ಯಾರಿಗೋ ಊಟದ ನಂತರ ನುಂಗಲು ತಿಳಿಸಿ, ಫೋನು ಜೇಬಿಗಿಟ್ಟು, ನನ್ನ ಉಗುರಿನ ಬಣ್ಣ ನೋಡಿದರು. ಅವರ ಹೆಂಡತಿ ಲಲಿತಮ್ಮ ತುಂಬ ಮೃದು. ಎಲ್ಲರಿಗೂ ಕೋಕಂ ಶರಬತ್ತು ಹೇಳಿದರು. ಉದ್ದ ಗ್ಲಾಸಿನಲ್ಲಿ ಕೆಂಪಗೆ ಬಂತು.

ಮಾತಿನ ನಡುವೆ ನಾಯ್ಕರು ಹೇಳಿದರು, “ಇದಕ್ಕೂ ಮೊದ್ಲು ಪ್ರಶಾಂತಂಗೆ ಒಂದು ಸಂಬಂಧ ನೋಡಿದ್ದು ನಾವು. ಹುಡುಗಿ ಚಲೋ ಇದ್ದಿದ್ದು. ಅವಳಪ್ಪ ಬಾಗಿಲು ತೆಗೆದ್ರು ನೋಡಿ, ಗಪ್ ಅಂತ ಬಂತು ಸರಾಯಿ ವಾಸನೆ. ಚಾ ಕುಡೀದೆ ವಾಪಸ್ ಬಂದ್ವಿ.”

“ಛೇ, ಛೇ. ಮಗಳ ಜೀವನ ನೆನೀಬೇಕಿತ್ತು ಅವ್ರು,” ಎಂದು ನಾನು ಮನಸಾರೆ ಖಂಡಿಸಿದೆ.

ಆಮೇಲೆ ಮೆನು ತೆರೆದೆ. ಕೊನೆಯ ಪುಟದಲ್ಲಿ ‘ರೆಡ್ ವೈನ್, ಗ್ಲಾಸ್’ ಎಂದಿತ್ತು.

ನಾನು ಪುಟ ಮುಚ್ಚಿದೆ. ಮತ್ತೆ ತೆರೆದೆ. ಬಾಣಂತಿಯ ಪ್ರಸ್ತಾಪವಿಲ್ಲದೆ, ಧೂಳಿಲ್ಲದೆ, ನಿಜವಾದ ಹೋಟೆಲಿನಲ್ಲಿ, ಎದುರಿಗೆ ಹೊಳೆ, ಇನ್ನೇನು ಬರಲಿರುವ ಬಂಗಡೆ ಮೀನಿನ ಫ್ರೈ. ಇಂಥ ಸಂದರ್ಭ ನನ್ನ ಪಾಲಿಗೆ ಹಿಂದೆ ಬಂದಿರಲಿಲ್ಲ. ಕೋಕಂ ಕೆಂಪು, ವೈನೂ ಕೆಂಪು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ, ವೇಟರನನ್ನು ಮೂಲೆಗೆ ಕರೆದು, ಕೋಕಂ ಗ್ಲಾಸಿನಲ್ಲಿ ವೈನ್ ತಂದಿಡಲು ಹೇಳಿದೆ.

“ಸೋಡಾ ಹಾಕೂದಾ ಸಾರ್?” ಎಂದ. ಅವನನ್ನು ಕ್ಷಮಿಸಿ ಮೇಜಿಗೆ ಮರಳಿದೆ.

ಗ್ಲಾಸು ಬಂತು. ಬಣ್ಣ ಸ್ವಲ್ಪ ಗಾಢ, ಅಷ್ಟೇ. ಸದ್ದಿಲ್ಲದೆ ಕುಡಿದು ಮುಗಿಸುವುದೆಂದೇ ನನ್ನ ಯೋಜನೆ. ಆದರೆ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ತಾನಾಗಿ ಗ್ಲಾಸನ್ನು ಗರಗರ ತಿರುಗಿಸಿತು.

“ಸಕ್ಕರೆ ಕರಗ್ಲಿಲ್ಯನ,” ಎಂದು ಲಲಿತಮ್ಮ ಒಂದು ಚಮಚ ನನ್ನ ಕಡೆ ಸರಿಸಿದರು.

ಮೂಗು ಇಳಿಸಿದೆ.

“ನೊಣ ಬಿದ್ದದ್ಯಾ?” ಎಂದು ಅವರೇ ಕೇಳಿದರು.

ಇಲ್ಲ ಎಂದು ತಲೆಯಾಡಿಸಿ ಒಂದು ಗುಟುಕು ಹಾಕಿ ಸೊರ್ ಎಂದು ಗಾಳಿ ಎಳೆದೆ. ಆ ಬಾಟಲಿಯ ಮುಚ್ಚಳ ಯಾವ ಕಾಲದಲ್ಲಿ ತೆಗೆದದ್ದೋ. ವೈನ್ ತನ್ನ ಜೀವಮಾನ ಮುಗಿಸಿ ಉಪ್ಪಿನಕಾಯಿಗೆ ಹಾಕುವ ವಿನಿಗರ್ ಆಗಿತ್ತು. ಎಳೆದ ಗಾಳಿಯೊಡನೆ ಒಂದಿಷ್ಟು ಮೂಗಿಗೆ ಹತ್ತಿತು, ಒಂದಿಷ್ಟು ಗಂಟಲಿಗೆ ಬೆಂಕಿ ಇಟ್ಟಿತು. ಕಣ್ಣು ಕತ್ತಲಾದರೂ ನಾಸಿಕದ ತರಬೇತಿ ಕೈಬಿಡಲಿಲ್ಲ. ಎದುರಿಗೆ ಬೆರಳು ತೊಳೆಯಲು ಊಟಕ್ಕೆ ಮೊದಲೇ ಬಿಸಿನೀರಿನ ಬಟ್ಟಲು ತಂದಿಟ್ಟಿದ್ದರು. ಅದಕ್ಕೆ ಉಗುಳಿದೆ.

ನೀರು ಕೆಂಪಾಯಿತು. ಅದರಲ್ಲಿ ತೇಲುತ್ತಿದ್ದ ನಿಂಬೆಯ ಹೋಳೂ ಕೆಂಪಾಯಿತು.

ಮಾದೇವ ನಾಯ್ಕರು ಎದ್ದು ನಿಂತರು. “ರಕ್ತ,” ಎಂದರು.

ಕೋಕಂ ಎಂದು ಹೇಳಲು ಹೋದೆ. “ಕೋ… ಕೋ…” ಎಂದಷ್ಟೇ ಬಂತು, ಅದರ ಜೊತೆ ಮೇಜಿನ ಬಿಳಿ ಬಟ್ಟೆಯ ಮೇಲೆ ಇನ್ನಷ್ಟು ಕೆಂಪು ಚಿಮ್ಮಿತು. ಅಶ್ವಿನಿಯ ಮುಖ ಬಿಳಿಚಿತು. ಅವಳು ಅಪ್ಪನನ್ನು ನೋಡಲಿಲ್ಲ, ಪ್ರಶಾಂತನನ್ನು ನೋಡಿದಳು.

ಸುಮಿತ್ರಾ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಕುಡುಕನ ಹೆಂಡತಿಯಾಗುವುದೋ ರೋಗಿಯ ಹೆಂಡತಿಯಾಗುವುದೋ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿದಳು.

“ಇವ್ರಿಗೆ ಮೊದ್ಲಿಂದ್ಲೂ ಹೊಟ್ಟೇದು ತೊಂದ್ರೆ. ನಿಮ್ಮ ಹತ್ರ ಹೇಳೂದು ಹೆಂಗೆ ಅಂತ ಸುಮ್ನಿದ್ವಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರು ನಿಜವಾದದ್ದೇ. ಕಾರಣ ಮಾತ್ರ ಬೇರೆ.

ನಾಯ್ಕರು ನನ್ನ ನಾಡಿ ಹಿಡಿದರು. ರೆಪ್ಪೆ ಎಳೆದು ನೋಡಿದರು. ಮುಖಕ್ಕೆ ಮುಖ ತಂದು, “ಬಾಯಿ ತೆಗೀರಿ,” ಎಂದರು. ತೆಗೆದೆ, ಆದರೆ ಉಸಿರು ಬಿಗಿಹಿಡಿದೆ.

ಅವರು ಒಮ್ಮೆ ನನ್ನ ಬಾಯಿಯನ್ನೂ ಒಮ್ಮೆ ಬಟ್ಟಲನ್ನೂ ನೋಡಿ, “ಉಸಿರಾಟವೂ ಸಮ ಇಲ್ಲ,” ಎಂದರು.

ಬಂಗಡೆ ಫ್ರೈ ಬರುತ್ತಿದ್ದಂತೆ ನನ್ನನ್ನು ಎರಡು ಕಡೆ ಹಿಡಿದು ಹೊರಗೆ ನಡೆಸಿದರು. ಬಾಗಿಲಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ದಾಟಿದೆವು, ನಾನೂ ಬಂಗಡೆಯೂ.

ಹೊನ್ನಾವರದ ಆಸ್ಪತ್ರೆಯಲ್ಲಿ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಬಾಯಿಂದ ಪೈಪು ಇಳಿಸಿ ನೋಡೋಣ ಎಂದರು. ಮನೆಗೆ ಬಂದ ಮೇಲೆ ಸುಮಿತ್ರಾಳಿಗೆ, “ಪೈಪು ಬೇಡ, ನಿಜ ಹೇಳಿಬಿಡ್ತೆ,” ಎಂದೆ.

“ಹೇಳಿ. ನಿಮ್ಮ ಮಗ್ಳಿಗೆ ಮೊದ್ಲು ಹೇಳಿ, ಆಮೇಲೆ ಭಟ್ಕಳಕ್ಕೆ ಫೋನ್ ಮಾಡಿ.”

ಅಶ್ವಿನಿ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅವಳ ಮೂಗು ಕೆಂಪಾಗಿತ್ತು. “ಅಪ್ಪ, ನಿಂಗೆ ಎಂತೂ ಆಗೂದಿಲ್ಲ ಅಲ್ದಾ?” ಎಂದು ಕೇಳಿದಳು. ನಾನು ಪೈಪಿಗೆ ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಮಾದೇವ ನಾಯ್ಕರು ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಅಂಗಡಿಗೆ ಬಾಗಿಲು ಹಾಕಿ, ಫೋನೂ ಬಂದ್ ಮಾಡಿ ಬಂದಿದ್ದರು.

“ಪೈಪು ಇಳ್ಸೂಕೆ ಮೊದ್ಲು ಎಂತಾದ್ರೂ ಹೇಳೂದಿದ್ರೆ ಹೇಳಿಬಿಡಿ,” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ಒಳ್ಳೆಯ ಮನುಷ್ಯ ನನ್ನ ಕೊನೆಯ ಆಸೆ ಕೇಳುತ್ತಿದ್ದಾರೆ ಎಂದುಕೊಂಡೆ.

“ಎಂತ ಇಲ್ಲ. ಮಗಳ ಮದುವೆ ಒಂದು,” ಎಂದೆ.

“ಆತು,” ಎಂದರು.

ಗಂಟಲು ಮರಗಟ್ಟಲು ಏನೋ ಸಿಂಪಡಿಸಿದರು. ಮೊದಲಿಗೆ ಬಾಳೆಹಣ್ಣಿನ ವಾಸನೆ, ಕೊನೆಗೆ ದೀರ್ಘವಾದ ಕಹಿ ಎಂದು ಗುರುತಿಸುವಷ್ಟರಲ್ಲಿ ಪೈಪು ಬಂತು. ಅದರ ವಿವರ ಬೇಡ. ಡಾಕ್ಟರು ಒಳಗೆಲ್ಲ ನೋಡಿ, ಸ್ವಲ್ಪ ಕೆಂಪಗಿದೆ, ಹೆದರುವಂಥದ್ದಿಲ್ಲ, ಖಾರ ಕಡಿಮೆ ಮಾಡಿ ಎಂದರು. ಮೀನುಸಾರು ಉಣ್ಣುವ ನಮ್ಮ ಕರಾವಳಿಯಲ್ಲಿ ಯಾರ ಹೊಟ್ಟೆಗೆ ಪೈಪು ಇಳಿಸಿದರೂ ಅಷ್ಟು ಕೆಂಪು ಸಿಕ್ಕೇ ಸಿಗುತ್ತದೆ. ಆದರೆ ಆ ಒಂದು ಮಾತಿನಿಂದ ನಾನು ಅಧಿಕೃತವಾಗಿ ರೋಗಿಯಾದೆ.

ಮದುವೆ ಭಟ್ಕಳದಲ್ಲಿ ಚೆನ್ನಾಗಿಯೇ ನಡೆಯಿತು. ಮರುದಿನ ಬೀಗರೂಟ. ಸಿಗಡಿ ಸುಕ್ಕೆ, ಬಂಗಡೆ, ಕೋಳಿ. ನನ್ನ ಮುಂದೆ ಮಾತ್ರ ಲಲಿತಮ್ಮ ಸ್ವತಃ ತಂದು ಬಿಳಿ ಗಂಜಿಯ ಬಟ್ಟಲು ಇಟ್ಟರು. ಅಕ್ಕಪಕ್ಕದವರು ಕೇಳಿದರೆ ತಗ್ಗಿದ ಧ್ವನಿಯಲ್ಲಿ, “ರಕ್ತ ಬಿದ್ದಿದ್ದು ಪಾಪ,” ಎಂದು ತಿಳಿಸಿದರು. ಪಂಕ್ತಿಯಲ್ಲಿದ್ದವರೆಲ್ಲ ಮೀನು ಕಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿ, ಮತ್ತೆ ಮುಂದುವರಿಸಿದರು.

ಕೆಲವು ವಾರಗಳ ನಂತರ ಅಳಿಯ ನಮ್ಮ ಮನೆಗೆ ಬಂದಿದ್ದ. ಜಗಲಿಯಲ್ಲಿ ಇಬ್ಬರೇ ಇದ್ದಾಗ ಮೆಲ್ಲಗೆ ಹೇಳಿದ, “ಮಾವ, ಅವತ್ತು ನೀವು ಬಾಯಿ ತೆಗೆದಾಗ್ಲೇ ಅಪ್ಪಂಗೆ ಗೊತ್ತಾಗಿತ್ತು. ವೈನ್ ಅಂತ.”

ನಾನು ಒಳಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದೆ. “ಮತ್ತೆ ಸುಮ್ನಿದ್ದದ್ದು ಎಂತಕೆ?”

“ಕುಡಿಯೂರ್ನ ಬೇಕಾದಷ್ಟು ನೋಡಿದ್ದೆ, ಬಾಯಿಗೆ ಹಾಕಿದ್ದು ಉಗುಳೂರ್ನ ನೋಡಿಲ್ಲ, ಇವ್ರಿಂದ ಯಾರಿಗೂ ಅಪಾಯ ಇಲ್ಲ ಅಂದ್ರು ಅಪ್ಪ.”

“ಹಂಗಾರೆ ಆ ಪೈಪು?”

“ನೀವು ಆಸ್ಪತ್ರೆ ಬಾಗಿಲಲ್ಲಾದ್ರೂ ಹೇಳ್ತ್ರಿ ಅಂತ ಕಾದ್ರಂತೆ. ಹೇಳೂಕೆ ಅವಕಾಶವೂ ಕೊಟ್ರಂತೆ. ನೀವು ಪೈಪಿಗೆ ಮಾತ್ರ ಬಾಯಿ ಬಿಟ್ರಿ.” ಅವನು ನಗು ತಡೆದುಕೊಂಡ. “ಮಗ್ಳಿಗೋಸ್ಕರ ಪೈಪು ನುಂಗ್ದವ್ರ ಮನೆ ಸಂಬಂಧ ಬಿಡೂಕಾಗೂದಿಲ್ಲ ಅಂದ್ರು.”

ನನಗೆ ಸಮಾಧಾನವೂ ಆಯಿತು, ಅವಮಾನವೂ ಆಯಿತು. ಹಾಗಾದರೆ ಇನ್ನು ಗಂಜಿ ನಿಲ್ಲಿಸಬಹುದಲ್ಲ ಎಂದೆ.

“ಅದಾಗೂದಿಲ್ಲ ಮಾವ. ಅಮ್ಮಂಗೆ ಗೊತ್ತಿಲ್ಲ. ಗೊತ್ತಾದ್ರೆ ಅಪ್ಪ ಅವ್ಳಿಗೆ ಸುಳ್ಳು ಹೇಳಿದ್ದೂ ಗೊತ್ತಾಗ್ತದೆ.”

ಕಳೆದ ವಾರವೂ ಭಟ್ಕಳಕ್ಕೆ ಹೋಗಿದ್ದೆವು. ಎಲ್ಲರ ತಾಟಿನಲ್ಲೂ ಹುರಿದ ಮೀನು. ಲಲಿತಮ್ಮ ನನ್ನ ಮುಂದೆ ಗಂಜಿಯಿಟ್ಟು, ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದರು. “ಈಗ ಮುಖದಲ್ಲಿ ಕಳೆ ಬಂದದೆ ನೋಡಿ,” ಎಂದು ಗಂಡನಿಗೆ ತೋರಿಸಿದರು.

ಮಾದೇವ ನಾಯ್ಕರು ತಲೆಯೆತ್ತದೆ ಮೀನಿನ ಮುಳ್ಳು ಬಿಡಿಸುತ್ತ, “ಹೌದು, ಗಂಜಿ ಒಗ್ಗಿದೆ,” ಎಂದರು.

ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.