ನಡುವಿನ ಮನೆಯನ್ನು ವಾರ್ಡಿನಾಚೆ ಇಟ್ಟ ಗಡಿಪರೀಕ್ಷಕ ತಂತ್ರಾಂಶಕ್ಕೆ

ಒಳಗೋ ಹೊರಗೋ ಎಂದು ತೀರ್ಪು ಕೊಡುವ ಮಾನ್ಯ ತಂತ್ರಾಂಶ ಮಹಾಶಯರೇ,

ಊಟ, ನಿದ್ದೆ, ರಜೆ ಯಾವುದರ ಹಂಗೂ ಇಲ್ಲದೆ ಜನರನ್ನು ಒಳಗಿನವರು, ಹೊರಗಿನವರು ಎಂದು ವಿಂಗಡಿಸುತ್ತಿರುವ ತಮಗೆ, ತಾವು ಹೊರಗಿಟ್ಟ ಒಬ್ಬ ಟೈಲರ್‌ನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಾಯಿಲೆ ಬಿದ್ದರೆ ತಮ್ಮ ಮನೆಗೂ ನರ್ಸ್ ಬರಬೇಕಲ್ಲ, ಆ ಪಾಡು ವೈರಿಗೂ ಬೇಡ.

ನನ್ನ ತಾಯಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಲ್ಲಿ ಗಾಯ. ದಿನ ಬಿಟ್ಟು ದಿನ ಪಟ್ಟಿ ಬದಲಾಯಿಸಿದರೆ ಬೆರಳು ಉಳಿಯುತ್ತದೆ, ಇಲ್ಲದಿದ್ದರೆ ತೆಗೆಯಬೇಕಾಗುತ್ತದೆ ಎಂದಿದ್ದಾರೆ ಡಾಕ್ಟರು. ವಾರ್ಡಿನ ಆರೋಗ್ಯ ಕಚೇರಿಯ ನರ್ಸಮ್ಮ ಮನೆಮನೆಗೆ ಹೋಗಿ ಈ ಕೆಲಸ ಮಾಡುತ್ತಾರೆ. ಆದರೆ ಅವರು ನಮ್ಮ ಬಾಗಿಲಲ್ಲಿ ನಿಂತು ಮೊಬೈಲ್ ತೆರೆದರೆ ತಾವು ‘ಈ ಮನೆ ವಾರ್ಡಿನ ಹೊರಗಿದೆ’ ಎನ್ನುತ್ತೀರಿ. ಹೊರಗಿನ ಮನೆಯಲ್ಲಿ ಪಟ್ಟಿ ಕಟ್ಟಲು ಅವರಿಗೆ ಕಚೇರಿಯ ಅಪ್ಪಣೆಯಿಲ್ಲ. ಎಡಗಡೆಯ ನಿವೃತ್ತ ಬಸ್ ಕಂಡಕ್ಟರ್ ಮನೆ ಒಳಗೆ, ಬಲಗಡೆಯ ಕ್ಷೌರದಂಗಡಿ ಒಳಗೆ, ನಡುವಿನ ನಾವು ಮಾತ್ರ ಹೊರಗೆ. ಒಂದೇ ಗೋಡೆ ಹಂಚಿಕೊಂಡವರ ನಡುವೆ ಇಂಥ ಭೇದ ತರಲು ಅಣ್ಣತಮ್ಮಂದಿರಿಗೇ ಹತ್ತು ವರ್ಷ ಬೇಕು. ತಾವು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಿದಿರಿ.

ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಅಕ್ಕ ತಮ್ಮ ಪಾಂಡಿತ್ಯವನ್ನು ಬಿಡಿಸಿ ಹೇಳಿದರು. “ನಿಮ್ಮ ಮನೆಯಿಂದ ಪೂರ್ವಕ್ಕೆ ನೇರ ಒಂದು ಗೆರೆ ಎಳೆಯುತ್ತೆ ಅಣ್ಣ. ಅದು ವಾರ್ಡಿನ ಗಡೀನ ಎಷ್ಟು ಸಲ ದಾಟ್ತು ಅಂತ ಎಣಿಸುತ್ತೆ. ಬೆಸ ಬಂದ್ರೆ ಒಳಗೆ, ಸಮ ಬಂದ್ರೆ ಹೊರಗೆ.” ಎಂಥ ಚೆಂದದ ಯುಕ್ತಿ! ಒಳಗಿದ್ದವನು ಆಚೆ ಹೋಗಲು ಒಮ್ಮೆ ದಾಟಬೇಕು, ಒಪ್ಪಿದೆ. ಆದರೆ ನಮ್ಮ ಮನೆಯ ಗೆರೆ ಹೋಗಿ ತಗಲುವುದು ನೀರಿನ ಟ್ಯಾಂಕಿನ ಬಳಿ, ಗಡಿಯ ಎರಡು ಬದಿಗಳು ಕೂಡುವ ಮೂಲೆಗೇ. ತಾವು ಆ ಬದಿಗೊಂದು, ಈ ಬದಿಗೊಂದು ಎಂದು ಎರಡು ಎಣಿಸಿ ಅಮ್ಮನನ್ನು ಹೊರಗೆ ಹಾಕಿದಿರಿ. ನಾನು ಮೂವತ್ತು ವರ್ಷದಿಂದ ಕಾಲರ್ ಹೊಲಿಯುತ್ತಿದ್ದೇನೆ. ಎರಡು ಹೊಲಿಗೆ ಕೂಡಿದ ತುದಿಯನ್ನು ಎರಡು ತುದಿ ಎಂದು ಲೆಕ್ಕ ಹಿಡಿದಿದ್ದರೆ ಗಿರಾಕಿಗಳು ನನ್ನದೇ ಅಳತೆ ತೆಗೆಯುತ್ತಿದ್ದರು.

ಸದ್ಯಕ್ಕೆ ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಕಂಡಕ್ಟರ್ ವರಾಂಡಕ್ಕೆ ಸಾಗಿಸುತ್ತಿದ್ದೇವೆ. “ಒಳಗೆ ನಡೀರಿ ಅಮ್ಮ, ಒಳಗೆ ಜಾಗ ಇದೆ, ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ” ಎಂದು ಅವರು ಸ್ವಾಗತಿಸುತ್ತಾರೆ. “ಟಿಕೆಟ್ ಆಮೇಲೆ ಕೇಳಪ್ಪ, ಮೊದ್ಲು ಕಾಲಿಡೋಕೆ ಸ್ಟೂಲ್ ಕೊಡು” ಎನ್ನುತ್ತಾಳೆ ಅಮ್ಮ. ಆದರೆ ಸೋಮವಾರ ಅವರು ವರಾಂಡದ ಗೇಟಿಗೂ ಬೀಗ ಹಾಕಿ ತಿಂಗಳ ಮಟ್ಟಿಗೆ ಮಗಳ ಊರಿಗೆ ಹೊರಡುತ್ತಾರೆ. ಕ್ಷೌರದಂಗಡಿಯ ಹಾರುವ ಕೂದಲಿನ ನಡುವೆ ಗಾಯ ಬಿಚ್ಚಲು ನರ್ಸಮ್ಮ ಸುತಾರಾಂ ಒಪ್ಪುವುದಿಲ್ಲ.

ಆದ್ದರಿಂದ ವಿನಂತಿ. ಮೂಲೆಯನ್ನು ಒಂದೇ ಸಲ ಎಣಿಸುವುದು ತಮ್ಮ ಘನತೆಗೆ ಕುಂದೆನಿಸಿದರೆ, ದಯಮಾಡಿ ನೀರಿನ ಟ್ಯಾಂಕನ್ನು ಗಡಿ ಸಮೇತ ನಾಲ್ಕು ಗೇಣು ಸರಿಸಿ, ಅಥವಾ ಪೂರ್ವ ದಿಕ್ಕನ್ನೇ ಸ್ವಲ್ಪ ಓರೆ ಮಾಡಿಸಿಕೊಡಿ. ಅದೂ ಆಗದಿದ್ದರೆ, ಗಡಿ ಇತ್ಯರ್ಥವಾಗುವವರೆಗೆ ಕೊಳೆಯಕೂಡದೆಂದು ಅಮ್ಮನ ಹೆಬ್ಬೆರಳಿಗೆ ತಾವೇ ಒಂದು ನೋಟೀಸು ಕಳಿಸಿ.

ಹೊರಗಿದ್ದೂ ತಮ್ಮ ವಿಶ್ವಾಸಿ,
ಎರಡು ಗೋಡೆಗಳ ನಡುವಿನ ಪರಸ್ಥಳದ ಟೈಲರ್

ತಾ.ಕ.: ಪತ್ರ ಬರೆದು ಮುಗಿಸಿದ ಮೇಲೆ, ನಕ್ಷೆಯಲ್ಲಿ ನಮ್ಮ ಮನೆಯಿಂದ ಆ ಮೂಲೆಯವರೆಗೆ ದಾರ ಹಿಡಿದು ನೋಡಿದೆ. ಅದು ಆರೋಗ್ಯ ಕಚೇರಿಯ ಮೇಲೆಯೇ ಹಾದುಹೋಯಿತು. ಹೋಗಿ ಹೇಳಿದಾಗ ನರ್ಸಮ್ಮ ಕಚೇರಿಯಲ್ಲೇ ನಿಂತು ಮೊಬೈಲ್ ಒತ್ತಿದರು. ಅದೇ ಮೂಲೆಯನ್ನು ಮತ್ತೆ ಎರಡು ಎಣಿಸಿ, ಕಚೇರಿಯೂ ವಾರ್ಡಿನ ಹೊರಗಿದೆ ಎಂದಿರಿ ತಾವು. “ಹಾಗಾದ್ರೆ ಹೊರಗಿನವರ ಅಪ್ಪಣೆ ನಂಗ್ಯಾಕೆ?” ಎಂದ ಅವರು ಈಗ ನಮ್ಮ ಮನೆಯೊಳಗೇ ಕೂತು ಅಮ್ಮನ ಪಟ್ಟಿ ಬಿಚ್ಚುತ್ತಿದ್ದಾರೆ. ಮೊಬೈಲನ್ನು ಮಾತ್ರ ಹೊರಗೆ, ಚಪ್ಪಲಿಯ ಪಕ್ಕ ಬಿಟ್ಟು ಬಂದಿದ್ದಾರೆ.